ಬೀಜ ಹಾಕದ ಮಾರ್ಚ್

ಫ್ಲೆಮಿಂಗ್ಟನ್, ನ್ಯೂಜೆರ್ಸಿ
ಜೂನ್ 9, 2024

ಚಿ. ಪಂಕಜಾಗೆ,

ಭಾವ ಕಾಗದ ಬರೆದಿದ್ದಾರೆ ಅಂತ ಗಾಬರಿಯಾಗಬೇಡ. ನಾನು ಚೆನ್ನಾಗಿಯೇ ಇದ್ದೇನೆ, ಮೊಣಕಾಲೊಂದು ಬಿಟ್ಟರೆ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಜೆರಿಕೋದಲ್ಲಿ ನಿಮ್ಮ ಬೀದಿಗೆ ಸಿಗ್ನಲ್ ಬರುವುದಿಲ್ಲವೆಂದು ನಿನ್ನ ಅಕ್ಕ ಅಲಮೇಲು ಹೇಳುತ್ತಿದ್ದಳು. ಲಾಂಗ್ ಐಲೆಂಡಿನಂಥ ಕಡೆ ಸಿಗ್ನಲ್ ಬರುವುದಿಲ್ಲ ಅಂದರೆ ಏನರ್ಥ, ಕಂಪನಿಯವರಿಗೆ ಬರೆದು ಕೇಳು ಅಂತ ನಾನು ಎಷ್ಟೋ ಸಲ ಹೇಳಿದ್ದೆ. ಇರಲಿ. ಮೈಸೂರಿನ ಕಾಲೇಜಿನಲ್ಲಿ ನಮಗೆ ಇಂಗ್ಲಿಷ್ ತೆಗೆದುಕೊಳ್ಳುತ್ತಿದ್ದ ಮೇಷ್ಟ್ರು, ಕಾಗದದ ಮೊದಲ ಪ್ಯಾರಾದಲ್ಲೇ ಪರ್ಪಸ್ ಬಂದುಬಿಡಬೇಕು ಅನ್ನುತ್ತಿದ್ದರು. 'ಸ್ಟೇಟ್ ಯುವರ್ ಪರ್ಪಸ್ ಅಂಡ್ ಬಿ ಸೀಟೆಡ್.' ಅದು ಕಾಗದಕ್ಕೆ ಹೇಳಿದ್ದೋ ವೈವಾಕ್ಕೆ ಹೇಳಿದ್ದೋ ಈಗ ನೆನಪಿಲ್ಲ. ಅವರಿಗೊಂದು ಕಂದು ಕೋಟಿತ್ತು, ಬೇಸಿಗೆಯಲ್ಲೂ ತೆಗೆಯುತ್ತಿರಲಿಲ್ಲ.

ಪರ್ಪಸ್ ಏನೆಂದರೆ, ಹುಲ್ಲು.

ಅಲಮೇಲು ಹೋದ ಮೇಲೆ ಇದು ಮೊದಲ ಕೊಯ್ಲು. ಪಕ್ಕದ ಫಾರ್ಮಿನ ವಾಲ್ಟ್ ತನ್ನ ಮೆಷಿನ್ ತಂದು ಐದೆಕರೆಯನ್ನೂ ಕೊಯ್ದು, ಒಣಗಿಸಿ, ಪೆಂಡಿ ಪೆಂಡಿಯಾಗಿ ಬೇಲ್ ಕಟ್ಟಿಕೊಟ್ಟ. ಅವಳು ಪ್ರತಿವರ್ಷ ಮಾಡುತ್ತಿದ್ದ ಹಾಗೆ ಒಂದು ಚೀಲದಷ್ಟು ಹುಲ್ಲನ್ನು ಲ್ಯಾಬಿಗೆ ಕಳಿಸಿದೆ. ಅವಳ ಫೈಲಿನಲ್ಲಿ ಹಳೆಯ ರಿಪೋರ್ಟುಗಳಿವೆ. ಪ್ರೋಟೀನು ನೂರಕ್ಕೆ ಹದಿನೇಳು, ಹದಿನೆಂಟು, ಹದಿನೇಳು. ಈ ವರ್ಷ ಹತ್ತು. ನಾನೇ ಓದಿದ್ದು ತಪ್ಪೋ ಅಂತ ವಾಲ್ಟನಿಗೆ ತೋರಿಸಿದೆ. ಅವನು ಕಾಗದ ನೋಡಲೇ ಇಲ್ಲ. ಒಂದು ಬೇಲ್ ಬಿಚ್ಚಿ ಮೂಸಿದ.

"ಮುಕ್, ಇದು ಮೇವಲ್ಲ, ಹಸುವಿನ ಕೆಳಗೆ ಹಾಸುವ ಹಾಸಿಗೆ. ನಿನ್ನ ಕ್ಲೋವರ್ ಎಲ್ಲಿ?"

"ಹೊಲದಲ್ಲಿದೆ" ಅಂದೆ.

"ತೋರಿಸು."

ಇಬ್ಬರೂ ಆ ಬೇಲಿಯಿಂದ ಈ ಬೇಲಿಯವರೆಗೆ ನಡೆದೆವು. ಮೂರೆಲೆಯ ಗಿಡ ಒಟ್ಟು ಹನ್ನೆರಡು ಕಡೆ ಸಿಕ್ಕಿತು. ಮಿಕ್ಕಿದ್ದೆಲ್ಲ ಹುಲ್ಲು, ಬರೀ ಹುಲ್ಲು. ಏನು ಬೆರೆಸಬೇಕು, ಎಷ್ಟು, ಯಾವಾಗ ಅಂತ ಕೇಳಿದರೆ, "ಅದೆಲ್ಲ ಮಿಸೆಸ್ ಎಮ್ ಲೆಕ್ಕಾಚಾರ, ನಾನೇ ಆಕೆಯನ್ನು ಕೇಳುತ್ತಿದ್ದೆ" ಅಂದ. ಮೂರು ಜೆರ್ಸಿ ಹಸುಗಳೂ ಗೋದಲಿಯಲ್ಲಿ ಹುಲ್ಲು ಬಿಟ್ಟು ನನ್ನ ಮುಖ ನೋಡುತ್ತವೆ.

ಹನ್ನೊಂದು ವರ್ಷ ಅವಳು ನಿನಗೆ ಬರೆದ ಕಾಗದಗಳನ್ನು ಪೋಸ್ಟಿಗೆ ಹಾಕಿದವನು ನಾನು. ಹೊಲದ ವಿಷಯ ಅದರಲ್ಲಿ ಬರೆದೇ ಇರುತ್ತಾಳೆ. ಅಷ್ಟನ್ನೂ ಕಳಿಸಿಕೊಡು. ಓದಿ ಜೋಪಾನವಾಗಿ ಹಿಂದಿರುಗಿಸುತ್ತೇನೆ. ನಿಜ ಹೇಳಬೇಕೆಂದರೆ ಈ ಮನೆಯಲ್ಲಿ ಅವಳ ಅಕ್ಷರದ ಒಂದು ಪುಟವೂ ಇಲ್ಲ. ಮಕ್ಕಳಿದ್ದಿದ್ದರೆ ಅವರ ಹತ್ತಿರವಾದರೂ ನಾಲ್ಕು ಕಾಗದ ಇರುತ್ತಿದ್ದವೋ ಏನೋ. ಫ್ರಿಜ್ಜಿನ ಬಾಗಿಲಿಗೆ ಒಂದು ಚೀಟಿ ಇದೆ: ಉಪ್ಪು, ಸೆಲ್ಲು, ಮೆಂತ್ಯ. ಅಷ್ಟೆ.

ಐ ಬೆಗ್ ಟು ರಿಮೈನ್,
ಮುಕುಂದ

ಜೆರಿಕೋ, ನ್ಯೂಯಾರ್ಕ್
ಜುಲೈ 6, 2024

ಭಾವನವರಿಗೆ ನಮಸ್ಕಾರ.

ಕಾಗದಗಳನ್ನು ಕಳಿಸಲಾಗುವುದಿಲ್ಲ. ನಿಮಗೆ ಬೇಕಾದದ್ದನ್ನು ಹುಡುಕಿ ಕೆಳಗೆ ನಕಲು ಮಾಡಿದ್ದೇನೆ. ಅಕ್ಕನ ಮಾತು ಹೇಗಿತ್ತೋ ಹಾಗೇ ಇದೆ.

'ಆರ್ಚರ್ಡ್ ಹುಲ್ಲು ಜಾಸ್ತಿ, ಟಿಮೊಥಿ ಹುಲ್ಲು ಸ್ವಲ್ಪ. ಮೂರರಲ್ಲಿ ಒಂದು ಪಾಲು ಕ್ಲೋವರ್ ಇರಲೇಬೇಕು. ಕೆಂಪು ಹೂವಿನದು ಎತ್ತರಕ್ಕೆ ಬರುತ್ತೆ, ಒಣಮೇವಿಗೆ ಅದು. ಬಿಳೀದು ನೆಲ ಹಿಡಿದು ಹಬ್ಬುತ್ತೆ, ಹಸು ಮೇಯೋಕೆ. ನಮ್ಮ ಹುರುಳಿ, ತೊಗರಿ ಥರವೇ ಪಂಕಜಾ, ಬೇರಲ್ಲಿ ಗಂಟು ಕಟ್ಟಿಕೊಂಡು ಪಕ್ಕದ ಹುಲ್ಲಿಗೂ ಗೊಬ್ಬರ ಕೊಡುತ್ತೆ.'

'ಹುಲ್ಲು ತಾನೇ ಉಳಿಯುತ್ತೆ. ಕ್ಲೋವರ್ ಮೂರು ವರ್ಷಕ್ಕೆ ಸುಸ್ತಾಗುತ್ತೆ, ಮತ್ತೆ ಹಾಕಬೇಕು. ಉಳೋದು ಗಿಳೋದು ಏನೂ ಬೇಡ. ಮಾರ್ಚ್‌ನಲ್ಲಿ ನೆಲ ಹೆಪ್ಪುಗಟ್ಟಿರುವಾಗ ಬೆಳಿಗ್ಗೆ ಹೋಗಿ ಮೇಲೆಮೇಲೆ ಎರಚಿ ಬರೋದು. ಬಿಸಿಲಿಗೆ ಕರಗಿ, ಮತ್ತೆ ಹೆಪ್ಪುಗಟ್ಟಿ, ನೆಲವೇ ಬಾಯಿಬಿಟ್ಟು ಬೀಜವನ್ನು ಒಳಗೆ ಎಳೆದುಕೊಳ್ಳುತ್ತೆ.'

ಇಷ್ಟು ಸಾಕೆಂದುಕೊಳ್ಳುತ್ತೇನೆ.

ಪಂಕಜಾ

ಫ್ಲೆಮಿಂಗ್ಟನ್
ಜುಲೈ 21, 2024

ಚಿ. ಪಂಕಜಾಗೆ,

ನಿನ್ನ ಕಾಗದ ತಲುಪಿತು. 'ಉಳೋದು ಗಿಳೋದು' ಅಂತ ಓದಿದಾಗ ಅವಳೇ ಅಡುಗೆಮನೆಯಿಂದ ಮಾತಾಡಿದ ಹಾಗಾಯಿತು. ಅದೊಂದು ಸಾಲನ್ನು ಸೌಜನ್ಯಾಗೂ ಓದಿ ಹೇಳಿದೆ. ಸೌಜನ್ಯಾ ಅಂದರೆ ಪ್ಲೇನ್ಸ್‌ಬರೋದ ಹುಡುಗಿ, ಶನಿವಾರ ಮಕ್ಕಳನ್ನು ಹಸು ನೋಡಲು ಕರೆದುಕೊಂಡು ಬರುತ್ತಾಳಲ್ಲ, ಅಲಮೇಲುಗೆ ತುಂಬಾ ಬೇಕಾದವಳು. ಸಾಲು ಹೇಳಿ, ಅದರ ಹಿಂದುಮುಂದು ವಿವರಿಸಿ, ನೈಟ್ರೋಜನ್ ವಿಷಯಕ್ಕೆ ಬರುವಷ್ಟರಲ್ಲಿ ಅವಳು ಕಾರಿನ ಬಾಗಿಲು ತೆಗೆದು ನಿಂತಿದ್ದಳು.

"ಅಂಕಲ್, ನೀವು ಪಾಡ್‌ಕಾಸ್ಟ್ ಮಾಡಿ. ಪಾಸ್ ಬಟನ್ನಾದರೂ ಸಿಗುತ್ತೆ ನಮಗೆ" ಅಂದಳು. ಅವಳ ಮಗನೂ ಹಿಂದಿನ ಸೀಟಿನಿಂದ, "ಮಾಮ್, ಕ್ಯಾನ್ ವಿ ಗೋ ನೌ?" ಅಂದ. ನಗು ಬಂತು. ಈಗಿನ ಮಕ್ಕಳಿಗೆ ಪೇಷನ್ಸ್ ಕಡಿಮೆ.

ಮಾರ್ಚ್‌ವರೆಗೂ ಕೈಕಟ್ಟಿ ಕೂರುವುದು ಯಾಕೆಂದು ಮೊನ್ನೆ ಮಳೆಗೆ ಮುಂಚೆ ಹೊಲಕ್ಕೆಲ್ಲ ಯೂರಿಯಾ ಹಾಕಿದೆ. ನಮ್ಮ ತಂದೆ ಮಂಡ್ಯದ ಕಬ್ಬಿಗೆ ಹಾಕುತ್ತಿದ್ದರು. ಬೆಳೆ ಸೊರಗಿದೆ ಅಂದರೆ ಯೂರಿಯಾ, ನಮಗೆ ಗೊತ್ತಿದ್ದದ್ದು ಅಷ್ಟೆ. ಹುಲ್ಲು ಕಪ್ಪುಹಸಿರಾಗಿ ಎದ್ದು ನಿಂತಿದೆ, ನೋಡಲು ಚೆಂದ.

ಇನ್ನೊಂದು ವಿಷಯ. ಅವಳ ಫೈಲಿನಲ್ಲಿ ಬೀಜ ಕೊಂಡ ರಸೀದಿಗಳಿವೆ. 2014, 2017, 2020. ಮುಂದಿನದು 2023ರ ಮಾರ್ಚ್‌ನಲ್ಲಿ ಇರಬೇಕಿತ್ತು. ಇಲ್ಲ. ಆ ವರ್ಷ ಅವಳು ಬೀಜ ಹಾಕಿಲ್ಲ. ಡಾಕ್ಟರು ಕಾಯಿಲೆ ಹೇಳಿದ್ದು ಆಗಸ್ಟಿನಲ್ಲಿ. ಆದರೆ ಮಾರ್ಚ್‌ನಲ್ಲೇ ಅವಳಿಗೆ ಮೈಯೊಳಗೆ ಏನೋ ಗೊತ್ತಾಗಿರಬೇಕು. ನನಗೆ ಸಂಕಟವಾಗುತ್ತದೆ ಅಂತ ಮುಚ್ಚಿಟ್ಟಳು. ಹೌದು ತಾನೇ? ನಿನಗಾದರೂ ಹೇಳಿರುತ್ತಾಳೆ. ಐದು ತಿಂಗಳು ನೋವನ್ನು ಒಬ್ಬಳೇ ಇಟ್ಟುಕೊಂಡು ನನಗೆ ಕಾಫಿ ಮಾಡಿಕೊಟ್ಟಳಲ್ಲ. ಒಂದು ಸಾಲು ಬರೆ.

ಮುಕುಂದ

ಜೆರಿಕೋ
ಸೆಪ್ಟೆಂಬರ್ 15, 2024

ಭಾವನವರಿಗೆ,

ತಡವಾಯಿತು, ಕ್ಷಮಿಸಿ. ನೀವು ಕೇಳಿದ್ದಕ್ಕೆ ನನ್ನ ಉತ್ತರ: ಇರಬಹುದು.

ಯೂರಿಯಾ ಹಾಕಬಾರದಿತ್ತು. ಅಕ್ಕ ಬರೆದಿದ್ದಾಳೆ: 'ಯೂರಿಯಾ ಹಾಕಿದರೆ ಹುಲ್ಲಿಗೆ ಹಬ್ಬ, ಕ್ಲೋವರಿಗೆ ಸಾವು. ಹುಲ್ಲು ಎತ್ತರಕ್ಕೆ ಎದ್ದು ಬಿಸಿಲೆಲ್ಲ ತಾನೇ ಕುಡಿದುಬಿಡುತ್ತೆ. ಕೆಳಗಿರೋದು ನೆರಳಲ್ಲೇ ಕೊಳೆಯುತ್ತೆ.' ಇದನ್ನು ನಾನು ಜುಲೈನಲ್ಲೇ ಬರೆಯಬೇಕಿತ್ತು. ಆ ಸಾಲು ಇನ್ನೊಂದು ಪುಟದಲ್ಲಿತ್ತು. ಆ ಪುಟವನ್ನು ನಕಲು ಮಾಡಲು ಮನಸ್ಸಾಗಲಿಲ್ಲ. ಉಳಿದಿದ್ದ ಹನ್ನೆರಡು ಗಿಡವೂ ಹೋಗಿದ್ದರೆ ಅದು ನನ್ನ ತಪ್ಪು.

ಇದಾದರೂ ಸಮಯಕ್ಕೆ ತಲುಪಲಿ: ಅಕ್ಟೋಬರಿನಲ್ಲಿ ಹಸುಗಳನ್ನು ಬಿಟ್ಟು ಹುಲ್ಲನ್ನು ಗಿಡ್ಡವಾಗಿ ಮೇಯಿಸಿಬಿಡಬೇಕು. ಮಣ್ಣು ಕಾಣಬೇಕು. ಇಲ್ಲದಿದ್ದರೆ ಮಾರ್ಚ್‌ನಲ್ಲಿ ಎರಚಿದ ಬೀಜ ಹುಲ್ಲಿನ ಮೇಲೇ ಕೂರುತ್ತದೆ.

ಪಂಕಜಾ

ಫ್ಲೆಮಿಂಗ್ಟನ್
ಅಕ್ಟೋಬರ್ 6, 2024

ಚಿ. ಪಂಕಜಾಗೆ,

ಹನ್ನೆರಡೂ ಹೋದವು. ನಿನ್ನನ್ನು ದೂರುವುದಿಲ್ಲ. ಚೀಲ ಹೊತ್ತವನು ನಾನು.

ಆದರೆ ವಿಥ್ ರೆಫರೆನ್ಸ್ ಟು ಯುವರ್ ಲೆಟರ್ ಆಫ್ ಈವನ್ ಡೇಟ್ (ಈವನ್ ಡೇಟ್ ಅಂದರೆ ಅದೇ ತಾರೀಖು ಅಂತಲೋ ಸಮಸಂಖ್ಯೆಯ ತಾರೀಖು ಅಂತಲೋ, ನ್ಯೂವರ್ಕ್‌ನ ಇನ್ಶುರೆನ್ಸ್ ಆಫೀಸಿನಲ್ಲಿ ಇಪ್ಪತ್ತಾರು ವರ್ಷ ಬರೆದರೂ ನನಗೆ ಖಾತ್ರಿಯಾಗಲಿಲ್ಲ) ಒಂದು ಮಾತು ಕೇಳಬೇಕು. ಆ ಪುಟದಲ್ಲಿ ಇನ್ನೇನಿದೆ? ಯೂರಿಯಾದ ಅಕ್ಕಪಕ್ಕದಲ್ಲಿ ನಕಲು ಮಾಡಲಾಗದಂಥದ್ದು ಏನು ಇರುತ್ತದೆ?

ಮತ್ತೆ ಇನ್ನೊಂದು. 2023ರ ಮಾರ್ಚ್ ಮಧ್ಯದಲ್ಲಿ ನಿನಗೊಂದು ದಪ್ಪ ಲಕೋಟೆ ಬಂದಿರಬೇಕು. ನಾನೇ ತೆಗೆದುಕೊಂಡು ಹೋಗಿದ್ದೆ. ಕೌಂಟರಿನ ಹೆಂಗಸು ತೂಕ ಹಾಕಿ, ಇನ್ನೊಂದು ಸ್ಟಾಂಪ್ ಬೇಕು ಅಂದಳು. "ಯುವರ್ ವೈಫ್ ಹ್ಯಾಸ್ ಎ ಲಾಟ್ ಟು ಸೇ" ಅಂದಳು. "ಆಕೆ ಮಾತೇ ಆಡುವುದಿಲ್ಲ, ಮಾತೆಲ್ಲ ನನ್ನದೇ" ಅಂದೆ. ಇಬ್ಬರೂ ನಕ್ಕೆವು. ಆ ಲಕೋಟೆಯಲ್ಲಿ ಕಾಯಿಲೆ ವಿಷಯ ಇತ್ತೋ?

ಹಸುಗಳನ್ನು ಮೇಯಲು ಬಿಟ್ಟಿದ್ದೇನೆ. ಮಣ್ಣು ಕಾಣುತ್ತಿದೆ.

ಮುಕುಂದ

ಜೆರಿಕೋ
ಅಕ್ಟೋಬರ್ 20, 2024

ಭಾವನವರಿಗೆ,

ಆ ಮಾರ್ಚ್‌ನಲ್ಲಿ ಅಕ್ಕನಿಂದ ಕಾಗದ ಬಂದಿಲ್ಲ. ಯಾವುದೋ ವರ್ಷದ್ದು ಯಾವುದಕ್ಕೋ ಸೇರಿಸಿಕೊಂಡಿದ್ದೀರಿ.

ಚಳಿ ಶುರುವಾಗಿದೆ, ಮೊಣಕಾಲು ನೋಡಿಕೊಳ್ಳಿ.

ಪಂಕಜಾ

ಫ್ಲೆಮಿಂಗ್ಟನ್
ನವೆಂಬರ್ 24, 2024

ಪಂಕಜಾ,

ವರ್ಷಾಬ್ದಿಕ ಮುಗಿಯಿತು. ನೀನು ಬರಲಿಲ್ಲ. ನಿನಗೆಂದು ಎಲೆ ಹಾಕಿಸಿದ್ದೆ.

ಪುರೋಹಿತರು ಸಂಕಲ್ಪಕ್ಕೆ ಗೋತ್ರ ಕೇಳುವಾಗ ನಾನು ಅಲಮೇಲು ಹಸು ಸಾಕಿದ ಕಥೆ ಶುರು ಮಾಡಿದ್ದೆನಂತೆ. ಸೌಜನ್ಯಾ ಬಂದು ಕೈ ಮುಟ್ಟಿದಳು, ನಿಲ್ಲಿಸಿದೆ. ಆಗ ಎಲ್ಲರೂ ತಲೆ ತಗ್ಗಿಸಿ ಕಾಯುತ್ತಿರುವುದು ಕಾಣಿಸಿತು. ಸಿಟ್ಟಿರಲಿಲ್ಲ ಯಾರ ಮುಖದಲ್ಲೂ. ಅಭ್ಯಾಸವಾಗಿರುವವರ ಮುಖ ಅದು. ಅಂಥ ಮುಖ ಎಲ್ಲಿ ನೋಡಿದ್ದೆನೆಂದು ಮನೆಗೆ ಬರುವ ದಾರಿಯೆಲ್ಲ ಯೋಚಿಸಿದೆ.

ನೀನು ಸುಳ್ಳು ಹೇಳಿದ್ದೀಯೆ. ಆ ಸ್ಟಾಂಪ್ ಹಚ್ಚಿದವನು ನಾನೇ. ಅವಳಿಗೆ ಮಾರ್ಚ್‌ನಲ್ಲಿ ಕಾಯಿಲೆ ಇರಲಿಲ್ಲ ಅಂತಲೂ ಈಗ ಅನ್ನಿಸುತ್ತಿದೆ. ಆ ತಿಂಗಳು ಅವಳು ಕೊಟ್ಟಿಗೆಯ ಹಿಂದಿನ ಬೇಲಿಯನ್ನೆಲ್ಲ ಒಬ್ಬಳೇ ಬಿಗಿದಳು. ಹಾಗಿದ್ದ ಮೇಲೆ ಬೀಜ ಹಾಕದೆ ಇರಲು ಬೇರೆ ಕಾರಣ ಇತ್ತು. ನನ್ನ ಮೇಲೆ ಏನು ಬರೆದಿದ್ದರೂ ಸರಿ. ಬೈದಿದ್ದರೂ ಸರಿ. ಅವಳು ಬರೆದದ್ದು ಓದಬೇಕು. ಒಂದೇ ಒಂದು ಕಾಗದ ಕಳಿಸು, ಆ ಮಾರ್ಚಿನದು.

ಮುಕುಂದ

ಜೆರಿಕೋ
ಜನವರಿ 26, 2025

ಭಾವ,

ಎರಡು ತಿಂಗಳು ನಿಮ್ಮ ಕಾಗದ ಮೇಜಿನ ಮೇಲಿತ್ತು. ಎಸೆಯಲೂ ಇಲ್ಲ, ಉತ್ತರಿಸಲೂ ಇಲ್ಲ.

ಹೌದು, ಸುಳ್ಳು ಹೇಳಿದೆ. ಸಿಗ್ನಲ್ ವಿಷಯವೂ ಸುಳ್ಳು. ನಮ್ಮ ಬೀದಿಯಲ್ಲಿ ಫೋನ್ ಚೆನ್ನಾಗಿಯೇ ಇದೆ. ಅಕ್ಕ ಫೋನ್ ಮಾಡಿದರೆ ಎರಡು ನಿಮಿಷಕ್ಕೆ ನೀವು "ಯಾರು, ಪಂಕಜಾನಾ? ಕೊಡಿಲ್ಲಿ" ಅಂತ ತೆಗೆದುಕೊಳ್ಳುತ್ತಿದ್ದಿರಿ. ಆಮೇಲೆ ಮುಕ್ಕಾಲು ಗಂಟೆ ನಿಮ್ಮದು. ಅದಕ್ಕೇ ನಾವು ಕಾಗದಕ್ಕೆ ಇಳಿದದ್ದು. ಇಬ್ಬರು ಅಕ್ಕತಂಗಿ, ನಡುವೆ ಎರಡೂವರೆ ಗಂಟೆಯ ದಾರಿ, ಕಾಗದ ಬರೆದುಕೊಂಡು ಬದುಕಿದೆವು.

ನಾನು ಮದುವೆಯಾಗಲಿಲ್ಲ. ಫಾರ್ಮಸಿಯಲ್ಲಿ ಮೂವತ್ತು ವರ್ಷ ನಿಂತು ಈ ಮನೆ ಮಾಡಿದೆ. ಕೆಳಗಿನ ರೂಮನ್ನು ಅಕ್ಕನಿಗೆಂದೇ ಇಟ್ಟಿದ್ದೆ. ಬರುತ್ತೇನೆ, ಇನ್ನು ನಿನ್ನ ಜೊತೆಗೇ ಇರುತ್ತೇನೆ ಅಂತ ಅವಳು 2016ರಿಂದ ಬರೆಯುತ್ತಿದ್ದಳು. ಹೊಲ ಹಾಳುಬಿಟ್ಟು ಬರುವುದು ಹೇಗೆ, ಈ ಕ್ಲೋವರ್ ಮುಗಿಯಲಿ ಅನ್ನುತ್ತಿದ್ದಳು. ಮೂರು ವರ್ಷ ಕಾಯುತ್ತಿದ್ದೆ. ಮಾರ್ಚ್ ಬಂದರೆ ಬೀಜ ಹಾಕಿಬಿಟ್ಟೆ ಪಂಕಜಾ ಅಂತ ಕಾಗದ. ಮತ್ತೆ ಮೂರು ವರ್ಷ. ನಿಮ್ಮ ಐದೆಕರೆ ಹುಲ್ಲನ್ನು ನಾನು ಶಪಿಸಿದಷ್ಟು ಯಾರೂ ಶಪಿಸಿರಲಾರರು.

2023ರಲ್ಲಿ ಹಾಕಲಿಲ್ಲ. ರೂಮಿಗೆ ಪರದೆ ಹೊಲಿಸಿದೆ.

ಏಪ್ರಿಲ್‌ನಲ್ಲಿ ಕಪಿಲೆ ಹಸು ಕರು ಹಾಕಲು ಕಷ್ಟಪಟ್ಟಿತು, ಮುಂದಿನ ತಿಂಗಳು ಅಂದಳು. ಮೇನಲ್ಲಿ ಕೊಯ್ಲು ಅಂದಳು. ಆಗಸ್ಟಿನಲ್ಲಿ ಆಸ್ಪತ್ರೆ. ಯಾಕೆ ಬರಲಿಲ್ಲವೋ ನನಗೆ ಗೊತ್ತಿಲ್ಲ. ನಿಮಗಾಗಿ ಉಳಿದಳೆಂದು ನೀವು ಅಂದುಕೊಳ್ಳಬೇಡಿ. ಹಸುಗಳಿಗಾಗಿ ಉಳಿದಳೆಂದು ನಾನೂ ಅಂದುಕೊಳ್ಳುವುದಿಲ್ಲ.

ಆಸ್ಪತ್ರೆಯಲ್ಲಿ ಹನ್ನೊಂದು ದಿನ ಇದ್ದೆ. ನೀವು ನರ್ಸುಗಳ ಜೊತೆ, ಡಾಕ್ಟರ ಜೊತೆ, ನನ್ನ ಜೊತೆ, ಅವಳ ಜೊತೆ ಮಾತಾಡುತ್ತಲೇ ಇದ್ದಿರಿ. ಭಯಕ್ಕೆ ಮಾತಾಡುತ್ತಿದ್ದಿರೆಂದು ಈಗ ಗೊತ್ತಾಗುತ್ತದೆ, ಆಗ ಗೊತ್ತಾಗಲಿಲ್ಲ. ಅಕ್ಕನ ಜೊತೆ ನಾನೊಬ್ಬಳೇ ಕೂತದ್ದು ನೀವು ಪಾರ್ಕಿಂಗ್ ಚೀಟಿ ಬದಲಾಯಿಸಲು ಹೋದ ಹತ್ತು ನಿಮಿಷ. ಆ ಹತ್ತು ನಿಮಿಷ ಅವಳು ನಿದ್ದೆ ಮಾಡಿದಳು. ಅದಕ್ಕೇ, ಕಾಗದಗಳಾದರೂ ನನ್ನ ಪಾಲಿಗೆ ಇರಲಿ ಅಂತ ಹಟ ಹಿಡಿದೆ. ನಿಮ್ಮನ್ನು ನೋವಿನಿಂದ ಕಾಪಾಡಲು ಅಂತ ನನಗೆ ನಾನೇ ಹೇಳಿಕೊಂಡಿದ್ದೆ. ಅದೂ ಸುಳ್ಳೇ.

ನೀವು ಕೇಳಿದ ಕಾಗದ ಇದರ ಜೊತೆ ಇದೆ. ಮೂಲವೇ. ನಕಲಲ್ಲ.

ಪಂಕಜಾ

(ಜೊತೆಗಿದ್ದ ಕಾಗದ)

ಮಾರ್ಚ್ 12, 2023

ಪಂಕಜಾ,

ಈ ಸಲ ಬೀಜ ಹಾಕಲಿಲ್ಲ ಕಣೇ. ತರಿಸಲೇ ಇಲ್ಲ. ವಾಲ್ಟ್ ಎರಡು ಸಲ ಕೇಳಿದ, ಏನೋ ಒಂದು ಹೇಳಿದೆ. ಏಪ್ರಿಲ್‌ಗೆ ಬಂದುಬಿಡುತ್ತೇನೆ. ಹಸುಗಳನ್ನು ಅವನು ತೆಗೆದುಕೊಳ್ಳುತ್ತಾನೆ, ಒಳ್ಳೆಯವನು.

ಇವರ ಮೇಲೆ ನನಗೆ ಕೋಪ ಇಲ್ಲ. ಕೈ ಎತ್ತಿದವರಲ್ಲ, ಒಂದು ಕೆಟ್ಟ ಮಾತು ಆಡಿದವರಲ್ಲ. ಕೆಟ್ಟ ಮಾತಾಡಿದ್ದರೆ ನಿಲ್ಲಿಸಿ ಅನ್ನಬಹುದಿತ್ತು. ಮೊದಲು ಮೆಟುಚೆನ್‌ನಲ್ಲಿದ್ದಾಗ ಇವರು ಆಫೀಸಿನ ರೈಲಿಗೆ ಹೋದ ಮೇಲೆ ಸಾಯಂಕಾಲದವರೆಗೂ ಮನೆ ಸುಮ್ಮನಿರುತ್ತಿತ್ತು. ರಿಟೈರ್ ಆದರು. ಅದಕ್ಕೇ ಹಸು ಬೇಕು ಅಂದೆ, ಹೊಲ ಬೇಕು ಅಂದೆ. ಗೊತ್ತಿಲ್ಲದ ಕೆಲಸ, ಓದಿ ಓದಿ ಕಲಿತೆ. ಮೊದಲ ವರ್ಷ ಬೀಜ ಎರಚುತ್ತಾ ಮೂರು ಗಂಟೆ ಹೊಲದಲ್ಲಿದ್ದೆ. ಯಾರೂ ನನಗೆ ಏನೂ ಹೇಳಲಿಲ್ಲ. ಎಷ್ಟು ಸುಖವಾಗಿತ್ತು ಗೊತ್ತಾ.

ನಿನ್ನೆ ಹೇಳಿಬಿಡೋಣ ಅಂತ ಹೋದೆ. "ರೀ, ನಿಮಗೊಂದು ಮಾತು ಹೇಳಬೇಕಿತ್ತು" ಅಂದೆ. "ಹೇಳು, ಹೇಳು" ಅಂದರು. ನಾನು ಬಾಯಿ ತೆಗೆಯೋಷ್ಟರಲ್ಲಿ ಟ್ರ್ಯಾಕ್ಟರ್ ಬೆಲ್ಟಿನ ವಿಷಯ ಬಂತು. ಅದರಿಂದ ಅವರ ಕಾಲೇಜು ಮೇಷ್ಟ್ರು, ಅಲ್ಲಿಂದ ಎಲ್ಲೆಲ್ಲೋ. ನಲವತ್ತು ನಿಮಿಷ. ಕೊನೆಗೆ "ನೀನೇನೋ ಹೇಳಬೇಕು ಅಂದ್ಯಲ್ಲ" ಅಂತ ಅವರಿಗೇ ನೆನಪಾಯಿತು ಪಾಪ. "ಏನಿಲ್ಲ, ಉಪ್ಪು ಮುಗಿದಿದೆ" ಅಂದೆ. ಕಾರು ತೆಗೆದುಕೊಂಡು ಆಗಲೇ ಹೋಗಿ ತಂದರು. ಎರಡು ಪ್ಯಾಕೆಟ್ಟು.

ಯೂರಿಯಾ ಹಾಕಿದ ಹುಲ್ಲಿನ ವಿಷಯ ಹಿಂದೆ ಬರೆದಿದ್ದೆನಲ್ಲ. ಆ ಪುಟ ಬರೆಯುವಾಗ ಇವರನ್ನು ನೆನೆಸಿಕೊಂಡೇ ಬರೆದೆ. ಆಮೇಲೆ ಹಾಗೆ ಬರೆದೆನಲ್ಲ ಅಂತ ಬೇಜಾರಾಯಿತು.

ಬಂದ ಮೇಲೆ ಮಾತಾಡೋಣ. ತುಂಬಾ ಇದೆ.

ನಿನ್ನ ಅಕ್ಕ

ಫ್ಲೆಮಿಂಗ್ಟನ್
ಮಾರ್ಚ್ 9, 2025

ಪಂಕಜಾ,

ಉತ್ತರ ಬರೆಯಲು ಏಳು ಸಲ ಕೂತೆ. ಪ್ರತಿ ಸಲವೂ ನಾಲ್ಕು ಪುಟವಾಯಿತು. ಹರಿದುಹಾಕಿದೆ.

ಕಾಗದ ವಾಪಸು ಕಳಿಸಿದ್ದೇನೆ. ನಕಲು ಮಾಡಿಕೊಂಡಿಲ್ಲ. ಉಳಿದವನ್ನು ಕೇಳುವುದಿಲ್ಲ.

ವಾಲ್ಟ್ ಬಂದು, ಈ ವರ್ಷ ಕ್ಲೋವರ್ ಹಾಕುತ್ತೀಯೋ, ಹಸುಗಳನ್ನು ನಾನು ತೆಗೆದುಕೊಳ್ಳಲೋ ಎಂದು ಕೇಳಿದ. ಅವನು ಹೇಳುವುದನ್ನೆಲ್ಲ ಹೇಳಿ ಮುಗಿಸುವವರೆಗೂ ಕೇಳಿದೆ. ಹಾಕುತ್ತೇನೆ ಅಂದೆ.

ನಿನ್ನೆ ಬೆಳಿಗ್ಗೆ ಅರ್ಧ ಹೊಲಕ್ಕೆ ಎರಚಿದೆ. ಬೀಜ ಸಾಸಿವೆಯಷ್ಟು ಸಣ್ಣದು. ಹೆಪ್ಪುಗಟ್ಟಿದ ನೆಲದ ಮೇಲೆ ಬೀಳುವಾಗ ಸದ್ದಾಗುತ್ತದೆ. ಹತ್ತಿರ ನಿಂತು ಸುಮ್ಮನಿದ್ದರೆ ಕೇಳಿಸುತ್ತದೆ.

ಇನ್ನರ್ಧ ಬಿಟ್ಟಿದ್ದೇನೆ. ನೆಲ ಹೀಗೆ ಗಟ್ಟಿಯಿರುವ ಬೆಳಗುಗಳು ಇನ್ನು ಹತ್ತು ದಿನ ಸಿಗಬಹುದು. ನೀನು ಬಂದರೆ ಅದನ್ನು ನೀನು ಹಾಕು. ಬರುವ ಶನಿವಾರ ರಾರಿಟನ್ ಸ್ಟೇಷನ್ನಿಗೆ ಕಾರು ತರುತ್ತೇನೆ. ದಾರಿ ಅರ್ಧ ಗಂಟೆ. ಹೇಳುವುದಿದ್ದರೆ ನೀನು ಹೇಳು.

ಮುಕುಂದ